ರೀಸ್ಲಿಂಗ್ ಜೊತೆ ನಮ್ಮ ಊಟ

ಫ್ರಾಂಕ್‌ಫರ್ಟ್‌ಗೆ ಬಂದ ಮೊದಲ ವರ್ಷ, ಹತ್ತಿರದ ದ್ರಾಕ್ಷಿ ಸೀಮೆ ರೈನ್‌ಗೌ ಕಡೆಯ ಒಂದು ಬಾಟಲಿ ರೀಸ್ಲಿಂಗ್ ಎಂಬ ಬಿಳಿ ವೈನ್ ತಂದೆ. ಲೇಬಲ್ ಮೇಲೆ ‘ಟ್ರೋಕನ್’ ಅಂತಿತ್ತು. ಅಂದರೆ ಡ್ರೈ, ಸಿಹಿ ತೀರಾ ಕಡಿಮೆ, ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ಅವತ್ತು ಮನೆಯಲ್ಲಿ ಗುಂಟೂರು ಮೆಣಸಿನಕಾಯಿ ಹಾಕಿದ ಕೋಳಿ ಸಾರು. ಎರಡು ಗುಟುಕಿಗೇ ಬಾಯಿ ಉರಿದುಹೋಯಿತು. ಆಲ್ಕೋಹಾಲ್ ಖಾರವನ್ನು ಇನ್ನೂ ಏರಿಸುತ್ತದೆ ಅಂತ ಆಮೇಲೆ ತಿಳಿಯಿತು.

ಮುಂದಿನ ಸಲ ಊಟ ಬದಿಗಿಟ್ಟು ವೈನನ್ನಷ್ಟೇ ನೋಡಿದೆ. ಫ್ರಿಜ್‌ನಿಂದ ತೆಗೆದ ತಕ್ಷಣ ವಾಸನೆಯೇ ಇಲ್ಲ. ಕಾಲು ಗಂಟೆ ಹೊರಗಿಟ್ಟೆ. ಸುಮಾರು 10 ಡಿಗ್ರಿಗೆ ಬಂದಾಗ ಲೋಟ ತಿರುಗಿಸಿ ಮೂಸಿದರೆ ಹಸಿರು ಸೇಬು, ನಿಂಬೆ ಸಿಪ್ಪೆ, ಪೀಚ್ ಹಣ್ಣು! ಕುಡಿದರೆ ಹುಣಸೆ ನೆನಪಾದಾಗಿನ ಹಾಗೆ ಬಾಯಲ್ಲಿ ನೀರೂರಿತು. ಆ ಹುಳಿಯೇ ರೀಸ್ಲಿಂಗ್‌ನ ಜೀವ. ಹಳೆಯ ಬಾಟಲಿಯಲ್ಲಿ ಪೆಟ್ರೋಲ್ ವಾಸನೆಯೂ ಬರುತ್ತದೆ. ಅದು ಕೆಟ್ಟಿದ್ದಲ್ಲ, ವಯಸ್ಸಿನ ಗುಣ. ನನಗೆ ಅದು ತುಂಬಾ ಇಷ್ಟ.

ಆಮೇಲೆ ಒಂದೊಂದೇ ಅಡುಗೆ ಜೊತೆ ಇಟ್ಟು ನೋಡಿದೆ. ಬೆಲ್ಲ ಹಾಕಿದ ಉಡುಪಿ ಸಾಂಬಾರ್ ಜೊತೆ ವೈನ್ ಬರೀ ಹುಳಿ ಹುಳಿ. ಊಟದಲ್ಲಿ ಸಿಹಿಯಿದ್ದರೆ ವೈನಿನ ಹುಳಿ ಎದ್ದು ಕಾಣುತ್ತದೆ. ಅದೇ ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿಗೆ ಎಷ್ಟು ಚೆನ್ನಾಗಿ ಹೊಂದಿತು ಅಂತೀರಿ! ಊಟದ ಹುಳಿ, ಉಪ್ಪು ಎರಡೂ ವೈನನ್ನು ಮೃದು ಮಾಡುತ್ತವೆ. ಸೌತೆಕಾಯಿ, ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಅದರ ಪರಿಮಳವೂ ಹೆಚ್ಚಾಯಿತು. ಇಂಗು ಮಾತ್ರ ಬೇಡ, ವೈನನ್ನೇ ಮುಚ್ಚಿಬಿಡುತ್ತದೆ.

ಖಾರದ ದಿನ ಈಗ ‘ಫೈನ್‌ಹೆರ್ಬ್’ ಬಾಟಲಿ ತೆಗೆಯುತ್ತೇನೆ. ಅದರಲ್ಲಿ ಸಿಹಿ ಸ್ವಲ್ಪ ಜಾಸ್ತಿ, ಉರಿ ತಗ್ಗುತ್ತದೆ.

ಆದರೆ ನನ್ನ ಮನಸ್ಸು ಗೆದ್ದದ್ದು ಮೀನು. ಇಲ್ಲಿ ಸಿಗುವ ಟ್ರೌಟ್‌ಗೆ ಅರಿಶಿನ, ಉಪ್ಪು, ಕರಿಮೆಣಸಿನ ಪುಡಿ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹುರಿಯುತ್ತೇನೆ. ಪಕ್ಕಕ್ಕೆ ನೀರುದೋಸೆ, ಮೇಲೆ ನಿಂಬೆ. ಮೀನಿನ ಜಿಡ್ಡನ್ನು ವೈನಿನ ಹುಳಿ ಒಂದೇ ಗುಟುಕಿಗೆ ತೊಳೆದುಬಿಡುತ್ತದೆ, ಮತ್ತೆ ಮೊದಲ ತುತ್ತಿನ ಹಾಗೇ ಹಸಿವು. ಹೋದ ಶನಿವಾರ ನಾಲ್ಕು ಜನ ಕೂತಿದ್ದೆವು. ಎರಡನೇ ಸಲ ಹಿಟ್ಟು ಕದಡಬೇಕಾಯಿತು.