ಅಡಿಕೆ ಲೆಕ್ಕದ ಫೈಲಲ್ಲಿ ಕಾಲಂ ಓರೆಯಾದಾಗ

ತೀರ್ಥಹಳ್ಳಿ ಹತ್ತಿರ ನಮ್ಮ ತೋಟ. ಅಡಿಕೆ ಲೆಕ್ಕವನ್ನೆಲ್ಲ ನಾನು ವಿಮ್ ಅನ್ನೋ ಟೆಕ್ಸ್ಟ್ ಎಡಿಟರಲ್ಲಿ ಒಂದು ಟೆಕ್ಸ್ಟ್ ಫೈಲ್ ಮಾಡಿ ಬರೆದಿಡುತ್ತೇನೆ. ದಿನಾಂಕ, ದರ್ಜೆ (ರಾಶಿ, ಬೆಟ್ಟೆ ಹೀಗೆ), ಮೂಟೆ, ತೂಕ, ಮುಂಗಡ, ದರ, ನಡುವೆ ಒಂದೊಂದು ಟ್ಯಾಬ್. ಶಿವಮೊಗ್ಗದ ಮಂಡಿಗೆ ಹೋಗಿ ಬಂದ ರಾತ್ರಿ ಕೂತು ಒಂದೆರಡು ಸಾಲು ಸೇರಿಸುವುದು, ಅಷ್ಟೇ ಕೆಲಸ. ನೆಟ್ಟಗೆ ಕಾಣಲಿ ಅಂತ ಕಾಲಂ ಜೋಡಿಸುವ ಒಂದು ಪ್ಲಗಿನ್, ಅಂದರೆ ವಿಮ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಂ, ಹಾಕಿಕೊಂಡೆ.

ಮಾರನೇ ದಿನ ಅಪ್ಪಯ್ಯ ಸ್ಕ್ರೀನ್ ನೋಡಿ, "ಬೆಟ್ಟೆಗೆ ಇಷ್ಟು ಮುಂಗಡ ಯಾವಾಗ ತಗೊಂಡ್ಯೋ? ನನಗೆ ಹೇಳೇ ಇಲ್ವಲ್ಲ" ಅಂದರು. ತಗೊಂಡೇ ಇರಲಿಲ್ಲ. ಕ್ವಿಂಟಾಲ್ ದರ ಹೋಗಿ ಮುಂಗಡದ ಕೆಳಗೆ ಕೂತಿತ್ತು! ಕಾಲಂ ಓರೆಯಾದರೆ ಸಹಿಸಬಹುದು, ಆದರೆ ಲೆಕ್ಕವೇ ಜಾಗ ಬದಲಿಸಿದರೆ ಅದು ದೊಡ್ಡ ತಪ್ಪು ಅಲ್ವಾ.

ಮೊದಲು ಫೈಲಿನ ಹಳೇ ಪ್ರತಿ ತೆಗೆದಿಟ್ಟುಕೊಂಡೆ. ಆಮೇಲೆ ವಿಮ್‌ಗೆ 'ಸೆಟ್ ಲಿಸ್ಟ್' ಅನ್ನೋ ಆಜ್ಞೆ ಕೊಟ್ಟೆ. ಹಾಗೆ ಕೊಟ್ಟರೆ ಟ್ಯಾಬ್ ಇರುವ ಕಡೆಯೆಲ್ಲ ಗುರುತು ಕಾಣುತ್ತದೆ. ಹಳೇ ಪ್ರತಿಯಲ್ಲಿ ಮುಂಗಡ ಖಾಲಿ ಇದ್ದ ಸಾಲುಗಳಲ್ಲಿ ಎರಡು ಟ್ಯಾಬ್ ಅಕ್ಕಪಕ್ಕ ಇದ್ದವು, ಹೊಸದರಲ್ಲಿ ಒಂದೇ ಉಳಿದಿತ್ತು. ಪ್ಲಗಿನ್ ಕೋಡ್ ತೆರೆದು ನೋಡಿದೆ, ಟ್ಯಾಬ್ ಹುಡುಕುವ ಪ್ಯಾಟರ್ನಿನ ಕೊನೆಗೆ ಒಂದು ಪ್ಲಸ್ ಗುರುತು. ಅಂದರೆ ಎಷ್ಟು ಟ್ಯಾಬ್ ಸಾಲಾಗಿ ಬಂದರೂ ಒಂದೇ ಅಂತ ಹಿಡಿಯುತ್ತದೆ. ಪ್ಲಸ್ ತೆಗೆದು ಹಳೇ ಪ್ರತಿಯನ್ನು ಮತ್ತೆ ಜೋಡಿಸಿದೆ, ದರ ತನ್ನ ಜಾಗಕ್ಕೆ ಬಂತು.

ಆದರೆ ಸಾಲುಗಳು ಇನ್ನೂ ಓರೆ. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ನಾಲ್ಕೇ ಸಾಲು ಬೇರೆ ಫೈಲಿಗೆ ಹಾಕಿದೆ: ರಾಶಿ, ಬೆಟ್ಟೆ, ಸರಕು, ಗೊರಬಲು. ದರ್ಜೆಯನ್ನು ಇಂಗ್ಲಿಷಲ್ಲಿ ಬರೆದರೆ ನೆಟ್ಟಗೆ ನಿಲ್ಲುತ್ತದೆ, ಕನ್ನಡದಲ್ಲಿ ಬರೆದರೆ ಇಲ್ಲ. ಪ್ಲಗಿನ್ ಕೋಡಲ್ಲಿ ಅಗಲ ಅಳೆಯೋಕೆ ವಿಮ್‌ನ 'ಸ್ಟ್ರ್‌ಲೆನ್' ಅನ್ನೋ ಫಂಕ್ಷನ್ ಬಳಸಿದ್ದರು. ಅದು ಎಣಿಸುವುದು ಬೈಟ್‌ಗಳನ್ನು. ಫೈಲಲ್ಲಿ ಅಕ್ಷರ ಉಳಿಸುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಬೆಟ್ಟೆ ಅನ್ನೋದು ನಮ್ಮ ಕಣ್ಣಿಗೆ ಎರಡೇ ಅಕ್ಷರ, ಆದರೆ ಒಳಗೆ ಬ, ಎತ್ವ, ಟ, ಹಲಂತ, ಇನ್ನೊಂದು ಟ, ಮತ್ತೆ ಎತ್ವ, ಹೀಗೆ 6 ಚಿಹ್ನೆ, 18 ಬೈಟ್. ಗೊರಬಲು ನಾಲ್ಕು ಅಕ್ಷರ, ಅದಕ್ಕೂ 18. ಎರಡೂ ಒಂದೇ ಅಗಲ ಅಂತ ಪ್ಲಗಿನ್ ನಂಬಿಕೊಂಡರೆ ಕಾಲಂ ನೆಟ್ಟಗೆ ಬರೋದಾದರೂ ಹೇಗೆ?

'ಸ್ಟ್ರ್‌ಲೆನ್' ಇದ್ದಲ್ಲೆಲ್ಲ 'ಸ್ಟ್ರ್‌ಡಿಸ್‌ಪ್ಲೇವಿಡ್ತ್' ಹಾಕಿದೆ, ಅದು ಸ್ಕ್ರೀನ್ ಮೇಲೆ ಎಷ್ಟು ಮನೆ ಹಿಡಿಯುತ್ತದೆ ಅಂತ ಎಣಿಸುತ್ತದೆ. ತುಂಬಾ ಸುಧಾರಿಸಿತು, ಗುಣಿತದ ಚಿಹ್ನೆಗಳಿಗೆ ಈಗ ಬೇರೆ ಅಗಲ ಇಲ್ಲ. ಬೆಟ್ಟೆ ಮಾತ್ರ ಸ್ವಲ್ಪ ಎಡಕ್ಕೇ ಉಳಿಯಿತು, ಯಾಕಂದರೆ ಒತ್ತಕ್ಷರದ ಟ-ವನ್ನೂ ವಿಮ್ ಒಂದು ಮನೆ ಅಂತ ಲೆಕ್ಕ ಹಿಡಿದು 3 ಅನ್ನುತ್ತದೆ.

ಅಷ್ಟರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ದರ್ಜೆವಾರು ತೂಕ ಕೂಡಿಸೋಕೆ ಆಕ್ ಅನ್ನೋ ಭಾಷೆಯಲ್ಲಿ ಬರೆದ ಒಂದು ಚಿಕ್ಕ ಸ್ಕ್ರಿಪ್ಟ್ ಇದೆ. ಅದನ್ನು ಓಡಿಸಿದರೆ ರಾಶಿ ಎರಡು ಸಲ ಬರುತ್ತಿದೆ! ಪ್ಲಗಿನ್ ಜೋಡಿಸುವಾಗ ಟ್ಯಾಬ್ ಮುಂಚೆ ಸ್ಪೇಸ್ ತುಂಬುತ್ತಿತ್ತು, ನಾನು ಆಮೇಲೆ ಸೇರಿಸಿದ ಸಾಲುಗಳಲ್ಲಿ ಸ್ಪೇಸ್ ಇಲ್ಲ, ಹಾಗಾಗಿ ಸ್ಕ್ರಿಪ್ಟಿಗೆ ಅವೆರಡೂ ಬೇರೆ ಬೇರೆ ದರ್ಜೆ. ಇದನ್ನು ನೋಡಿದ ಮೇಲೆ ಆ ಪ್ಲಗಿನ್ ನನಗೆ ಬೇಡವಾಯಿತು. ಸುಮ್ನೆ ಚೆಂದ ಕಾಣೋಕೆ ಫೈಲನ್ನೇ ತಿದ್ದುವುದು ಲೆಕ್ಕದ ಫೈಲಿಗೆ ಆಗಿಬರುವುದಿಲ್ಲ.

2018ರಿಂದ ವಿಮ್‌ನಲ್ಲೇ 'ವಾರ್‌ಟ್ಯಾಬ್‌ಸ್ಟಾಪ್' ಅಂತ ಒಂದು ಸೆಟ್ಟಿಂಗ್ ಇದೆ. ಒಂದೊಂದು ಕಾಲಮ್ಮಿಗೆ ಎಷ್ಟೆಷ್ಟು ಅಗಲ ಅಂತ ಕಾಮಾ ಹಾಕಿ ಬರೆದರೆ ಸಾಕು, ಟ್ಯಾಬ್ ಅಷ್ಟಗಲ ಹಿಗ್ಗಿ ಕಾಣುತ್ತದೆ, ಫೈಲಲ್ಲಿ ಒಂದು ಅಕ್ಷರವೂ ಬದಲಾಗಲ್ಲ. ನಾನು 12,8,10,10,10 ಕೊಟ್ಟಿದ್ದೇನೆ. ತುಂಬಿದ್ದ ಸ್ಪೇಸ್‌ಗಳನ್ನು ತೆಗೆದು, ದರ್ಜೆ ಕಾಲಮ್ಮನ್ನು ಸಾಲಿನ ಕೊನೆಗೆ ಹಾಕಿದೆ. ಅಲ್ಲಿ ಒತ್ತಕ್ಷರ ಎಷ್ಟಗಲ ಕೂತರೂ ಅದರ ಬಲಕ್ಕೆ ತಳ್ಳಿಸಿಕೊಳ್ಳೋಕೆ ಇನ್ನೊಂದು ಕಾಲಂ ಇಲ್ಲ. ಸ್ಕ್ರಿಪ್ಟಲ್ಲೂ ದರ್ಜೆಯನ್ನು ಎರಡನೇ ಕಾಲಮ್ಮಿಂದ ಆರಕ್ಕೆ, ತೂಕವನ್ನು ನಾಲ್ಕರಿಂದ ಮೂರಕ್ಕೆ ಬದಲಿಸಿ ಓಡಿಸಿದೆ. ರಾಶಿ ಒಂದೇ ಸಲ ಬಂತು, ಮೊತ್ತ ಅಪ್ಪಯ್ಯನ ನೋಟ್‌ಬುಕ್ಕಿಗೆ ತಾಳೆಯಾಯಿತು.