ಹೈಡ್ರಾಲಿಕ್ ಆಯಿಲ್ ಚೆಲ್ಲುವ ಮುಂಚೆ ಅದರಲ್ಲಿ ಏನು ಸೇರಿದೆ ನೋಡಿ

ಪೀಣ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕದಲ್ಲಿ ನನ್ನದು ಮೆಂಟೆನೆನ್ಸ್ ಕೆಲಸ. ಒಂದು ಮಳೆಗಾಲದಲ್ಲಿ ಇಂಜೆಕ್ಷನ್ ಮಷಿನ್ ಒಂದರ ಹೈಡ್ರಾಲಿಕ್ ಆಯಿಲ್ (ಒತ್ತಡದಿಂದ ಮಷಿನ್ ಓಡಿಸುವ ಎಣ್ಣೆ) ಮಜ್ಜಿಗೆ ಥರ ಬೆಳ್ಳಗಾಯಿತು, ಪಂಪ್ ಕೂಗತೊಡಗಿತು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕೋಣ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ.

ಮೊದಲು ಗಾಜಿನ ಬಾಟಲಿಗೆ ಸ್ವಲ್ಪ ಆಯಿಲ್ ಹಿಡಿದಿಟ್ಟೆ. ಗಾಳಿ ಸೇರಿದ್ದರೆ ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ, ಇದು ಆಗಲಿಲ್ಲ. ಬಿಸಿ ಪ್ಲೇಟ್ ಮೇಲೆ ಒಂದು ಹನಿ ಹಾಕಿದರೆ ಚಟಪಟ ಸಿಡಿಯಿತು. ನೀರೇ! ಹುಡುಕಿದಾಗ, ನೀರು ಹರಿಸಿ ಆಯಿಲ್ ತಣಿಸುವ ಕೂಲರ್‌ನ ಟ್ಯೂಬ್ ಸೋರುತ್ತಿತ್ತು. ಅದನ್ನು ಸರಿಮಾಡದೆ ಆಯಿಲ್ ಬದಲಿಸಿದ್ದರೆ ಹೊಸ ಆಯಿಲ್‌ಗೂ ಅದೇ ಗತಿ ಅಲ್ವಾ?

ಸೋರಿಕೆ ನಿಲ್ಲಿಸಿದ ಮೇಲೆ ವ್ಯಾಕ್ಯೂಮ್ ಡಿಹೈಡ್ರೇಟರ್, ಅಂದರೆ ಒತ್ತಡ ಕಡಿಮೆ ಮಾಡಿ ಆಯಿಲಿಂದ ನೀರು ತೆಗೆಯುವ ಯಂತ್ರ, ಬಾಡಿಗೆಗೆ ತಂದೆವು. ಒತ್ತಡ ಕಡಿಮೆಯಾದಾಗ ನೀರು ಆವಿಯಾಗಲು 100 ಡಿಗ್ರಿ ಬೇಕಾಗಿಲ್ಲ, ಹಾಗಾಗಿ ಆಯಿಲನ್ನು 60-65 ಡಿಗ್ರಿಗೆ ಕಾಯಿಸಿದರೆ ಸಾಕು, ಆಯಿಲ್ ಸುಡುವುದಿಲ್ಲ, ಕರಗಿ ಕೂತ ನೀರೂ ಹೊರಗೆ ಬರುತ್ತದೆ. ಜೋರಾಗಿ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಕರಗದೆ ಬೇರೆಯಾಗಿರುವ ನೀರನ್ನು ಚೆನ್ನಾಗಿ ತೆಗೆಯುತ್ತದೆ, ಕರಗಿದ ನೀರು ಅದರ ಕೈಗೆ ಸಿಗುವುದಿಲ್ಲ.

ಆಮೇಲೆ ಕಣಗಳ ಸರದಿ. ಮಷಿನ್ ಓಡುತ್ತಿರುವಾಗಲೇ ಟ್ಯಾಂಕ್‌ಗೆ ಪಕ್ಕದಿಂದ ಫಿಲ್ಟರ್ ಕಾರ್ಟ್ (ಪಂಪ್ ಮತ್ತು ಫಿಲ್ಟರ್ ಇರುವ ತಳ್ಳುಗಾಡಿ) ಜೋಡಿಸಿ, 3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಎಲಿಮೆಂಟ್ ಮೂಲಕ ನಿಧಾನವಾಗಿ ಸುತ್ತಿಸಿದೆ. ಇದೇ ನನಗೆ ಅತ್ಯಂತ ನಂಬಿಕೆಯ ವಿಧಾನ. ಮುಖ್ಯ ಲೈನ್‌ನ ಫಿಲ್ಟರ್ ಮೇಲೆ ಹರಿವು ಏರಿಳಿಯುತ್ತಲೇ ಇರುತ್ತದೆ, ಕಾರ್ಟ್‌ನಲ್ಲಿ ಹರಿವು ಸಮನಾಗಿರುವುದರಿಂದ ಸಣ್ಣ ಕಣ ಹಿಡಿದದ್ದು ಹಿಡಿದ ಹಾಗೇ ಇರುತ್ತದೆ. ಲ್ಯಾಬ್ ವರದಿಯಲ್ಲಿ ಆಯಿಲಿನಲ್ಲಿ ಎಷ್ಟು ಕಣಗಳಿವೆ ಅಂತ ಹೇಳುವ ಐಎಸ್ಒ 4406 ಕೋಡ್ 21/19/16 ಇದ್ದದ್ದು 17/15/12ಕ್ಕೆ ಇಳಿಯಿತು. ಒಂದು ಅಂಕೆ ಇಳಿದರೆ ಕಣಗಳು ಸುಮಾರು ಅರ್ಧ, ನಾಲ್ಕು ಇಳಿದರೆ ಹದಿನಾರನೇ ಒಂದು ಭಾಗ. ಬರಿಗಣ್ಣಿಗೆ 40 ಮೈಕ್ರಾನ್‌ಗಿಂತ ಸಣ್ಣದು ಕಾಣುವುದೇ ಕಷ್ಟ, ಆಯಿಲ್ ಹರಿವನ್ನು ನಿಖರವಾಗಿ ನಿಯಂತ್ರಿಸುವ ಸರ್ವೋ ವಾಲ್ವ್ ಸಂದುಗಳು ಕೆಲವೇ ಮೈಕ್ರಾನ್. ಹಾಗಾಗಿ ನೋಡಿ ಚೆನ್ನಾಗಿದೆ ಅನ್ನುವುದು ಸುಮ್ನೆ ಮಾತು.

ಆಯಿಲ್ ಕೆಟ್ಟು ವಾರ್ನಿಶ್ (ಅಂಟು ಪದರ) ಕಟ್ಟಿದ್ದರೆ ಈ ಫಿಲ್ಟರ್ ಸಾಲದು, ಎಲೆಕ್ಟ್ರೋಸ್ಟಾಟಿಕ್ ಅಥವಾ ರೆಸಿನ್ ಘಟಕ ಬೇಕು. ಆಸಿಡ್ ನಂಬರ್ (ಆಯಿಲಿನಲ್ಲಿರುವ ಆಮ್ಲದ ಅಳತೆ) ಜಾಸ್ತಿಯಾಗಿ ಆಯಿಲ್ ಹಳಸಿದ್ದರೆ ಶುದ್ಧ ಮಾಡಿ ಪ್ರಯೋಜನವಿಲ್ಲ. ಅಧಿಕೃತ ಮರುಬಳಕೆದಾರರಿಗೆ ಕೊಡಿ, ಚರಂಡಿಗೆ ಮಾತ್ರ ಬಿಡಬೇಡಿ.

ಹೊಸ ಬ್ಯಾರಲ್ ಆಯಿಲನ್ನೂ ನಾನು ಕಾರ್ಟ್ ಮೂಲಕವೇ ತುಂಬಿಸುತ್ತೇನೆ, ಅದೂ ವಾಲ್ವ್‌ಗೆ ಬೇಕಾದಷ್ಟು ಸ್ವಚ್ಛ ಇರುವುದಿಲ್ಲ. ಟ್ಯಾಂಕ್ ಮೇಲೆ ಗಾಳಿ ಹೋಗಿಬರುವ ಬ್ರೀದರ್‌ಗೆ ತೇವ ಹೀರುವ ಸಿಲಿಕಾ ಜೆಲ್ ಇರುವುದನ್ನೇ ಹಾಕಿದ್ದೇವೆ, ಬಣ್ಣ ಬದಲಾದರೆ ಬದಲಿಸುತ್ತೇವೆ.