ಜಿಎನ್‌ಎಂ ಆದವರು ಪೋಸ್ಟ್ ಬೇಸಿಕ್‌ಗೆ ಸೇರುವ ಮೊದಲು

ಜಿಎನ್‌ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಕೋಲಾರದಲ್ಲಿ ಆರು ವರ್ಷ ಸ್ಟಾಫ್ ನರ್ಸ್ ಆಗಿದ್ದು, ಆಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ ನರ್ಸಿಂಗ್ ಮಾಡಿದವಳು ನಾನು. ಡಿಪ್ಲೊಮಾ ಆದ ನರ್ಸ್‌ಗಳು ಡಿಗ್ರಿಗಾಗಿ ಮಾಡುವ ಎರಡು ವರ್ಷದ ಕೋರ್ಸ್ ಇದು. ಹೇಗೆ ಶುರು ಮಾಡೋದು ಅಕ್ಕಾ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ.

ಮೊದಲು ಕಾಗದಪತ್ರ. ಪಿಯುಸಿ, ಜಿಎನ್‌ಎಂ ಮಾರ್ಕ್ಸ್ ಕಾರ್ಡ್, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್, ಮೂರೂ ಬೇಕು. ರಿಜಿಸ್ಟ್ರೇಷನ್ ಚಾಲ್ತಿಯಲ್ಲಿದೆಯಾ ನೋಡಿ. ಎಲ್ಲವನ್ನೂ ಮಂಚದ ಮೇಲೆ ಹರಡಿಕೊಂಡು ಹೆಸರನ್ನು ಅಕ್ಷರ ಬಿಡದೆ ಹೋಲಿಸಿ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಮೊದಲಿಗಿತ್ತು, ರಿಜಿಸ್ಟ್ರೇಷನ್ನಿನಲ್ಲಿ ಕೊನೆಗೆ. ಅಷ್ಟಕ್ಕೇ ಅಫಿಡವಿಟ್ ಮಾಡಿಸಲು ನೈಟ್ ಡ್ಯೂಟಿ ಮುಗಿಸಿಕೊಂಡು ನೋಟರಿ ಹತ್ತಿರ ಎರಡು ದಿನ ಓಡಾಡಿದೆ.

ಕಾಲೇಜು ನೋಡುವಾಗ, ಈ ಕೋರ್ಸಿಗೇ ಈ ವರ್ಷ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಫಿಲಿಯೇಷನ್ ಇದೆಯಾ ಅಂತ ಪತ್ರ ತೋರಿಸಲು ಕೇಳಿ. ಕೇಳಲು ಸಂಕೋಚ ಬೇಡ. "ಕ್ಲಾಸಿಗೆ ಬರದಿದ್ದರೂ ನಡೆಯುತ್ತೆ ಸಿಸ್ಟರ್" ಅನ್ನುವ ಕಡೆ ದಯವಿಟ್ಟು ಸೇರಬೇಡಿ. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಬೇಕು, ಡಿಗ್ರಿ ಕೈಗೆ ಬರುವಷ್ಟರಲ್ಲಿ ಪ್ರಾಕ್ಟಿಕಲ್ ಪೂರ್ತಿ ಆಗಿರಬೇಕು. ಹಾಗಾಗಿ ಫುಲ್ ಟೈಮ್ ಕೆಲಸದ ಜೊತೆ ಇದು ಆಗುವುದಿಲ್ಲ. ಎರಡು ವರ್ಷದ ಮನೆ ಖರ್ಚಿಗೆ ದಾರಿ ಮಾಡಿಕೊಂಡೇ ಕೆಲಸ ಬಿಡಿ, ಬಿಡುವಾಗ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೈಯಲ್ಲೇ ಇಸ್ಕೊಳ್ಳಿ. ಸರ್ಕಾರಿ ಕೆಲಸದಲ್ಲಿದ್ದರೆ ಇಲಾಖೆಯ ಅನುಮತಿ ಬರಹದಲ್ಲಿ ಬರಲಿ, ಆಮೇಲೆ ಫೀಸು ಕಟ್ಟಿ.

ಇನ್ನು ಓದು. ನನಗೆ ಭಯ ಇದ್ದದ್ದು ಇದೊಂದೇ. ಡ್ರಿಪ್ ಕೊಡಲು ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ನಳಿಕೆ) ಹಾಕುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಆದರೆ ಈ ರೋಗಿಗೆ ಉಪ್ಪಿನ ಡ್ರಿಪ್ ಆದ ನಾರ್ಮಲ್ ಸಲೈನೇ ಯಾಕೆ, ಸಕ್ಕರೆಯ ಡ್ರಿಪ್ ಆದ ಡೆಕ್ಸ್‌ಟ್ರೋಸ್ ಯಾಕಲ್ಲ ಅಂತ ಕೇರ್ ಪ್ಲಾನಿನಲ್ಲಿ (ರೋಗಿಯ ಆರೈಕೆಯ ಬರಹದ ಯೋಜನೆ) ಬರೆಯಲು ಕೂತಾಗ ನನ್ನ ಪೆನ್ನು ನಿಂತೇಬಿಟ್ಟಿತು. ಆರು ವರ್ಷ ಕೈ ಮಾಡಿದ್ದ ಕೆಲಸಕ್ಕೆ ಕಾರಣ ಅವತ್ತು ಹುಡುಕಿದೆ. ಮೊದಲ ವರ್ಷದ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿಯನ್ನು ಹೀಗೇ, ನೀವು ನೋಡಿದ ರೋಗಿಯನ್ನು ನೆನಪಿಟ್ಟುಕೊಂಡು ಓದಿ. ಎರಡನೇ ವರ್ಷ ರಿಸರ್ಚ್ ಜೊತೆ ಸ್ಟಾಟಿಸ್ಟಿಕ್ಸ್ ಬರುತ್ತದೆ, ಲೆಕ್ಕ ಬಿಟ್ಟು ಎಷ್ಟೋ ವರ್ಷ ಆದವರಿಗೆ ಕಷ್ಟವೇ. ಹತ್ತು ರೋಗಿಗಳ ಬಿಪಿ ಬರೆದುಕೊಂಡು ಸರಾಸರಿ ತೆಗೆಯುವುದರಿಂದ ಶುರು ಮಾಡಿ, ದಿನಾ ಒಂದೇ ಲೆಕ್ಕ ಸಾಕು.

ಪಾಸಾದ ಮೇಲೆ ಸುಮ್ನೆ ಕೂರಬೇಡಿ. ಹೊಸ ಡಿಗ್ರಿಯನ್ನು ನರ್ಸಿಂಗ್ ಕೌನ್ಸಿಲ್‌ನಲ್ಲಿ ಸೇರಿಸಿಕೊಳ್ಳಿ.